ಸುಣ್ಣಕ್ಕೆ ಚಿಟಿಕೆ ನೀಲಿ

ಅಮ್ಮ ತೀರ್ಥಹಳ್ಳಿ ಕಡೆಯ ಮನೆ ಬಿಟ್ಟು ಮೈಸೂರಿಗೆ ನಮ್ಮ ಜೊತೆ ಇರಲು ಬಂದಾಗ ಹಿಂದೆಯೇ ಒಂದು ಲಾರಿಯೂ ಬಂತು. ಬಟ್ಟೆಬರೆ ಎರಡು ಸೂಟ್‌ಕೇಸ್ ಅಷ್ಟೇ. ಉಳಿದದ್ದೆಲ್ಲ ಮರ. ಅಜ್ಜ ಮಾಡಿಸಿದ ಬೀಟೆ ಬೀರು, ಎರಡು ತೇಗದ ಮಂಚ, ಹಲಸಿನ ಹಲಗೆಯ ಊಟದ ಮೇಜು, ಅದರ ಜೋಡಿ ಬೆಂಚು. ಇಳಿಸಲು ಬಂದ ಹುಡುಗರು ಬೀರುವಿನ ಭಾರಕ್ಕೆ ಬೈದುಕೊಂಡೇ ಇಳಿಸಿದರು. ಹಾಲ್‌ನ ಮೂಲೆಗೆ ತಳ್ಳಿ, "ಮೇಡಂ, ಇನ್ನು ಇದನ್ನ ಅಲ್ಲಾಡಿಸೋಕೆ ನಮ್ಮನ್ನ ಮಾತ್ರ ಕರೀಬೇಡಿ" ಅಂದರು.

ಲಾರಿ ಬರುವ ಮೊದಲೇ ಮನೆಗೆ ಬಣ್ಣ ಹೊಡೆಸಿ ಮುಗಿಸಿದ್ದೆ. ಸಾಮಾನು ಬಂದ ಮೇಲೆ ಬಣ್ಣ ಹೊಡೆಸುವುದು ದೊಡ್ಡ ರಗಳೆ ಅಂತ ಎಲ್ಲರೂ ಹೇಳಿದ್ದರು. ಬಣ್ಣದ ಅಂಗಡಿಯ ಹುಡುಗ ಕೇಳಿದ್ದು ಒಂದೇ ಪ್ರಶ್ನೆ.

"ಫರ್ನಿಚರ್ ಯಾವ ಕಲರ್ ಮೇಡಂ?"

"ಬ್ರೌನ್."

"ಹಂಗಾದ್ರೆ ಸ್ಯಾಂಡಲ್ ಹಾಕ್ಸಿ. ಕಣ್ಮುಚ್ಕೊಂಡು ಹಾಕ್ಸಿ."

ಹಾಕಿಸಿದೆ. ಕಣ್ಣು ಮುಚ್ಚಿಕೊಂಡೇ.

ಖಾಲಿ ಮನೆಯಲ್ಲಿ ಆ ಬಣ್ಣ ಚೆನ್ನಾಗೇ ಕಂಡಿತ್ತು. ಮರ ಒಳಗೆ ಬಂದಿದ್ದೇ ತಡ, ಗೋಡೆ ಹತ್ತು ವರ್ಷ ಹಳೆಯದಾಯಿತು. ತೇಗದ ಮಂಚ ಗೋಡೆಯೊಳಗೆ ಕರಗಿಹೋಯಿತು. ಹಲಸಿನ ಮೇಜು ಹಳದಿ, ಗೋಡೆಯಲ್ಲಿ ಸಣ್ಣ ಗುಲಾಬಿ ಛಾಯೆ, ಎರಡೂ ಮುಖ ತಿರುಗಿಸಿಕೊಂಡು ಕೂತವು. ಬೀಟೆ ಬೀರು ಮೂಲೆಯಲ್ಲಿ ಒಂದು ಕಪ್ಪು ಕುಳಿಯ ಹಾಗೆ ನಿಂತಿತು. ಅಮ್ಮ ಹಾಲ್‌ನ ಮಧ್ಯೆ ನಿಂತು ಸುತ್ತ ನೋಡಿದಳು. "ಎಂತ ಮಾರಾಯ್ತಿ ಇದು, ಕಾಫಿ ಪಾತ್ರೆ ಒಳಗೆ ಕೂತ ಹಾಗೆ ಆಗ್ತದಲ್ಲ."

ಆ ಕಾಫಿ ಪಾತ್ರೆಯೊಳಗೆ ಮೂರು ವರ್ಷ ಕೂತೆವು. ಕಳೆದ ದೀಪಾವಳಿ ಮುಗಿದ ಮೇಲೆ, ಮಳೆ ಪೂರ್ತಿ ನಿಂತು ಗೋಡೆ ಒಣಗಿದೆ ಅನ್ನಿಸಿದಾಗ, ಮತ್ತೆ ಬಣ್ಣ ಹೊಡೆಸಿದೆ. ಈ ಸಲ ಕಣ್ಣು ತೆರೆದುಕೊಂಡು.

ಮೊದಲು ತಲೆ ಕೆಡಿಸಿದ್ದು ಆ ಒಂದು ಪದ. ಬ್ರೌನ್. ಪಠ್ಯಪುಸ್ತಕದಲ್ಲಿ ಕಂದು ಅಂತ ಓದಿದ್ದೇವೆ. ಮಾತಿನಲ್ಲಿ ಯಾರು ಹಾಗನ್ನುತ್ತಾರೆ? ಕಾಫಿಪುಡಿ ಬಣ್ಣದ ಸೀರೆ ಅನ್ನುತ್ತೇವೆ. ಬೆಲ್ಲದ ಬಣ್ಣ, ಹುಣಸೆಹಣ್ಣಿನ ಬಣ್ಣ ಅನ್ನುತ್ತೇವೆ. ಕಂದು ಅನ್ನುವುದು ಕ್ರಿಯಾಪದವಾಗಿ ಮಾತ್ರ ಬಾಯಲ್ಲಿ ಉಳಿದಿದೆ. ಬಿಸಿಲಿಗೆ ಹೂವು ಕಂದುತ್ತದೆ. ಜೋರು ಮಾಡಿದರೆ ಮಗುವಿನ ಮುಖ ಕಂದುತ್ತದೆ. ಅಂದರೆ ಇದ್ದ ಬಣ್ಣವೊಂದು ಬೇರೆ ಏನೋ ಆಗುವುದು.

ಮರದ ವಿಷಯದಲ್ಲಿ ಇದು ಅಕ್ಷರಶಃ ನಿಜ. ಹಲಸಿನ ಮರ ಕೊಯ್ದಾಗ ಅರಿಶಿನದ ಹಾಗೆ ಹಳದಿ. ಗಾಳಿ ಬೆಳಕಿಗೆ ಇಟ್ಟಷ್ಟು ವರ್ಷ ಅದು ಕಂದುತ್ತಾ ಕೆಂಪು ಬೆಲ್ಲದ ಬಣ್ಣಕ್ಕೆ ಬರುತ್ತದೆ. ತೇಗ ಜೇನಿನ ಬಣ್ಣದಿಂದ ಶುರುವಾಗಿ ಗಾಢವಾಗುತ್ತದೆ. ಬೀಟೆಯೊಳಗೆ ನೇರಳೆ ಇದೆ, ಕಪ್ಪು ಗೆರೆಗಳಿವೆ. ವಾಲ್‌ನಟ್ ಅಂತ ಹೆಸರು ಹೇಳಿ ಮಾರಿದ ನಮ್ಮ ಲ್ಯಾಮಿನೇಟ್ ವಾರ್ಡ್‌ರೋಬ್ ನಿಜಕ್ಕೂ ಬೂದು, ಅದಕ್ಕೆ ಸ್ವಲ್ಪ ಚಾಕೊಲೇಟ್ ಬೆರೆಸಿದ ಹಾಗೆ. ಒಂದೇ ಮನೆಯಲ್ಲಿ ನಾಲ್ಕು ಬ್ರೌನ್. "ಬ್ರೌನ್" ಅಂತ ನಾನು ಕೊಟ್ಟ ಉತ್ತರವೇ ತಪ್ಪು. ಹುಡುಗನನ್ನು ಬೈದು ಏನು ಪ್ರಯೋಜನ?

ಇದು ಗೊತ್ತಾಗಿದ್ದು ಒಂದು ಬಿಳಿ ಕಾಗದದಿಂದ. ಪ್ರಿಂಟರ್‌ಗೆ ಹಾಕುವ ಎ4 ಹಾಳೆಯನ್ನು ಮರದ ಪಕ್ಕ ಹಿಡಿದು ನೋಡಿ. ಹಗಲು ಬೆಳಕಿನಲ್ಲೇ ನೋಡಬೇಕು. ಬಿಳಿಯ ಪಕ್ಕದಲ್ಲಿ ಮರ ತನ್ನ ಒಳಬಣ್ಣ ಬಿಟ್ಟುಕೊಡುತ್ತದೆ. ಕೆಂಪೋ, ಹಳದಿಯೋ, ನೇರಳೆಯೋ, ಬೂದಿಯೋ. ಧೂಳು ಹಿಡಿದ ಮರವಾದರೆ ಒದ್ದೆ ಬಟ್ಟೆಯಲ್ಲಿ ಒಂದು ಸಲ ಒರೆಸಿಕೊಳ್ಳಿ. ಐದು ನಿಮಿಷದ ಕೆಲಸ. ನನಗೆ ಹೊಳೆಯಲು ಮೂರು ವರ್ಷ ಬೇಕಾಯಿತು.

ಇನ್ನೊಂದು ವಿಷಯ ತಿಳಿದಾಗ ಮಾತ್ರ ನಿಜಕ್ಕೂ ಬೆರಗಾಯಿತು. ಕಂದು ಬಣ್ಣದ ಬಲ್ಬ್ ಎಲ್ಲಾದರೂ ನೋಡಿದ್ದೀರಾ? ಗಣಪತಿ ಹಬ್ಬದ ಸೀರಿಯಲ್ ಸೆಟ್‌ನಲ್ಲಿ ಕೆಂಪು, ಹಸಿರು, ನೀಲಿ, ಹಳದಿ ಎಲ್ಲ ಇರುತ್ತದೆ. ಕಂದು ಇರುವುದಿಲ್ಲ. ಕಾಮನಬಿಲ್ಲಿನಲ್ಲೂ ಇಲ್ಲ. ಯಾಕೆಂದರೆ ಕಂದು ಅಂದರೆ ಮಂಕಾದ ಕಿತ್ತಳೆ. ಸುತ್ತ ತನಗಿಂತ ಬೆಳ್ಳಗಿನದು ಏನಾದರೂ ಇದ್ದರೆ ಮಾತ್ರ ನಮ್ಮ ಕಣ್ಣು ಅದನ್ನು ಕಂದು ಅಂತ ಓದುತ್ತದೆ. ಕಪ್ಪು ಕಾಗದವನ್ನು ಕೊಳವೆ ಸುತ್ತಿ, ಒಳ್ಳೆಯ ಬೆಳಕು ಬಿದ್ದ ಮೇಜನ್ನು ಅದರೊಳಗಿಂದ ನೋಡಿದರೆ, ಸುತ್ತಲಿನದೆಲ್ಲ ಮರೆಯಾಗಿ ಮರ ಕಿತ್ತಳೆಯ ಕಡೆಗೆ ವಾಲುತ್ತದೆ. ನಾನೂ ಮಗಳೂ ಭಾನುವಾರ ಇಡೀ ಇದನ್ನೇ ಮಾಡಿದೆವು. ಅಮ್ಮ ಅಡುಗೆಮನೆಯಿಂದ ಎರಡು ಸಲ ಇಣುಕಿ ನೋಡಿ ಏನೂ ಕೇಳದೆ ಹೋದಳು.

ಹಾಗಾದರೆ ಮರ ಕಂದಾಗಿ ಕಾಣುವುದು ಗೋಡೆಯ ದೆಸೆಯಿಂದ. ಗೋಡೆ ಬೆಳಗಿದಷ್ಟೂ ಮರಕ್ಕೆ ಮೈ ಬರುತ್ತದೆ. ನಾನು ಮಾಡಿದ್ದು ಇದಕ್ಕೆ ಸರಿಯಾಗಿ ಉಲ್ಟಾ. ಮರಕ್ಕೆ ಹೊಂದಲಿ ಅಂತ ಮರದ ನೆಂಟನನ್ನೇ ಗೋಡೆಗೆ ಬಳಿದೆ.

ಪಕ್ಕದ ಬಣ್ಣ ಹೀಗೆ ಆಟ ಆಡಿಸುತ್ತದೆ ಅನ್ನುವುದನ್ನು ಕೂತು ಲೆಕ್ಕ ಹಾಕಿದವರಲ್ಲಿ ಒಬ್ಬರು ಮಿಶೆಲ್ ಷೆವ್ರೆಲ್, ಫ್ರಾನ್ಸಿನ ರಸಾಯನಶಾಸ್ತ್ರಜ್ಞ. ಪ್ಯಾರಿಸಿನ ಗೊಬೆಲಿನ್ ಅನ್ನುವ ಸರ್ಕಾರಿ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗದ ಮುಖ್ಯಸ್ಥರಾಗಿದ್ದರು. ಅಲ್ಲಿ ಒಂದು ದೂರು ಬಂತು. ನೀಲಿ, ನೇರಳೆಯ ನೆರಳಿಗೆ ಬಳಸುವ ಕಪ್ಪು ನೂಲಿಗೆ ಗಾಢತೆ ಸಾಲದು, ಬಣ್ಣ ಸರಿಯಿಲ್ಲ ಅಂತ. ಬೇರೆ ಕಡೆಯ ಕಪ್ಪಿನ ಜೊತೆ ಹೋಲಿಸಿ ನೋಡಿದರೆ ಬಣ್ಣದಲ್ಲಿ ಏನೂ ದೋಷ ಇರಲಿಲ್ಲ. ತೊಂದರೆ ಪಕ್ಕದ ನೂಲಿನದು. ಅದರ ಬೆನ್ನು ಹತ್ತಿ ಕೊನೆಗೆ 1839ರಲ್ಲಿ ದೊಡ್ಡ ಪುಸ್ತಕವನ್ನೇ ಬರೆದರು. ಎರಡು ಬಣ್ಣ ಅಕ್ಕಪಕ್ಕ ಇಟ್ಟರೆ ಕಣ್ಣು ಅವುಗಳ ವ್ಯತ್ಯಾಸವನ್ನು ಇರುವುದಕ್ಕಿಂತ ಜಾಸ್ತಿ ಮಾಡಿ ತೋರಿಸುತ್ತದೆ ಅನ್ನುವುದು ಅದರ ಸಾರ. ಅವರು 1786ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡರು. ನೂರಕ್ಕೂ ಹೆಚ್ಚು ವರ್ಷ ಬದುಕಿದ ಪುಣ್ಯಾತ್ಮ. ನೋಡಲು ಪುರುಸೊತ್ತಿತ್ತು ಅನ್ನಿಸುತ್ತದೆ.

ಬಣ್ಣದ ಚಕ್ರದಲ್ಲಿ ಕಿತ್ತಳೆಗೆ ಎದುರು ಕೂರುವ ಬಣ್ಣ ನೀಲಿ. ಕಂದು ಅಂದರೆ ಮಂಕು ಕಿತ್ತಳೆಯಾದರೆ, ಗೋಡೆಯಲ್ಲಿ ಸ್ವಲ್ಪ ನೀಲಿಯ ಸುಳಿವಿದ್ದರೆ ಸಾಕು, ಮರ ಬಿಸಿಯಾಗಿ, ತುಂಬಿಕೊಂಡ ಹಾಗೆ ಕಾಣಬೇಕು. ಇದನ್ನು ರಾತ್ರಿ ಊಟದ ಹೊತ್ತಿಗೆ ದೊಡ್ಡ ಸಂಶೋಧನೆಯ ಹಾಗೆ ಹೇಳಿದೆ.

ಅಮ್ಮ ಸಾರು ಬಡಿಸುತ್ತಾ ಅಂದಳು. "ನೀಲಿ ಹಾಕದೆ ಸುಣ್ಣ ಬಳೀತಾರನೇ ಯಾರಾದ್ರೂ?"

ಅನ್ನ ಕಲಸುವ ಕೈ ನಿಂತಿತು. ಹೌದಲ್ವಾ!

ಅಜ್ಜನ ಮನೆಯ ದೀಪಾವಳಿ ಮುಂಚಿನ ವಾರ ನೆನಪಾಯಿತು. ಹಳೇ ಹಂಡೆಯಲ್ಲಿ ಸುಣ್ಣದ ಕಲ್ಲಿಗೆ ನೀರು ಹೊಯ್ಯುತ್ತಿದ್ದರು. ಅದು ಬೆಂಕಿಯಿಲ್ಲದೆ ಕೊತಕೊತ ಕುದಿಯುತ್ತಿತ್ತು. ನಮ್ಮನ್ನು ಹತ್ತಿರ ಬಿಡುತ್ತಿರಲಿಲ್ಲ. ಆರಿದ ಮೇಲೆ ಹಳೇ ಪಂಚೆಯಲ್ಲಿ ಸೋಸಿ, ಅಂಟಿಗೆ ಗಂಜಿ ತಿಳಿ ಸೇರಿಸಿ, ಕೊನೆಗೆ ಅಜ್ಜಿ ಬಟ್ಟೆಗೆ ಹಾಕುವ ನೀಲಿಯನ್ನು ಚಿಕ್ಕ ಬಟ್ಟೆಯ ಗಂಟು ಕಟ್ಟಿ ಅದರೊಳಗೆ ಅದ್ದಿ ಅದ್ದಿ ತೆಗೆಯುತ್ತಿದ್ದಳು. ಜಾಸ್ತಿಯಾದರೆ ಗೋಡೆ ನೀಲಿಯಾಗುತ್ತದೆ, ಕಡಿಮೆಯಾದರೆ ಹಳದಿ ಹೊಡೆಯುತ್ತದೆ. ಒದ್ದೆ ಇರುವಾಗ ಸುಣ್ಣ ಬೂದಿಬೂದಿ. ನಾವು ಸ್ನಾನ ಮಾಡಿ ಬರುವಷ್ಟರಲ್ಲಿ ಗೋಡೆ ಬೆಳ್ಳಗೆ ನಗುತ್ತಿತ್ತು. ಆ ಗೋಡೆಗೆ ಒರಗಿದರೆ ಬೆನ್ನೆಲ್ಲ ಬಿಳಿ. ಕೆಳಗೆ ಒಂದು ಮೊಳ ಕೆಮ್ಮಣ್ಣಿನ ಪಟ್ಟಿ. ಆ ಬಿಳಿಯ ಎದುರು, ಹೊಗೆ ಹಿಡಿದು ಕಪ್ಪಾದ ತೊಲೆ, ಕಂಬ, ಇದೇ ಬೀಟೆ ಬೀರು, ಎಲ್ಲ ಎಷ್ಟು ಲಕ್ಷಣವಾಗಿ ಕಾಣುತ್ತಿದ್ದವು.

ಹಿರಿಯರಿಗೆ ಎಲ್ಲ ವಿಜ್ಞಾನ ಮೊದಲೇ ಗೊತ್ತಿತ್ತು ಅನ್ನುವ ವಾದ ನನ್ನದಲ್ಲ. ಅಜ್ಜಿ ನೀಲಿ ಹಾಕಿದ್ದು ಸುಣ್ಣದ ಹಳದಿ ಸಾಯಲಿ ಅಂತ, ಬೀರು ಚೆನ್ನಾಗಿ ಕಾಣಲಿ ಅಂತ ಅಲ್ಲ. ಆದರೆ ಚೆನ್ನಾಗಿ ಕಂಡಿದ್ದಂತೂ ಹೌದು.

ಇಷ್ಟಾದ ಮೇಲೆ ಇಡೀ ಮನೆಗೆ ನೀಲಿ ಬಿಳುಪು ಹೊಡೆಸಿ ಮುಗಿಸಬಹುದಿತ್ತು. ಆಗಲಿಲ್ಲ. ಮಲೆನಾಡಿನ ಆ ಮನೆಯ ಬೆಳಕು ಬೇರೆ, ಈ ಮನೆಯ ಬೆಳಕು ಬೇರೆ. ನಮ್ಮದು 1980ರ ದಶಕದ ಮನೆ. ಹಾಲ್‌ಗೆ ಕೆಂಪು ಕಾವಿ ನೆಲ, ಪೂರ್ವಕ್ಕೆ ಕಿಟಕಿ. ಅಮ್ಮನ ಕೋಣೆಗೆ ಪಶ್ಚಿಮದ ಕಿಟಕಿ. ಮಗಳ ಕೋಣೆ ಉತ್ತರಕ್ಕೆ, ಅಲ್ಲಿ ಬಿಸಿಲೇ ಬೀಳುವುದಿಲ್ಲ.

ಇದರ ಮಧ್ಯೆ ಒಂದು ಸಣ್ಣ ಗಲಾಟೆ. ನಮ್ಮನೆಯವರು ಯಾವುದೋ ವಿಡಿಯೋ ನೋಡಿಕೊಂಡು ಬಂದು, "ಗೋಡೆ ಬದಲು ಬೀರುವಿಗೇ ಬಿಳಿ ಪೇಂಟ್ ಹೊಡೆಸಿದ್ರೆ?" ಅಂದರು. ಅಮ್ಮ ಎರಡು ದಿನ ಅವರ ಜೊತೆ ಮಾತಾಡಲಿಲ್ಲ. ಕೊನೆಗೆ ಪ್ರಾಯಶ್ಚಿತ್ತಕ್ಕೆ ಅನ್ನುವ ಹಾಗೆ ಬೀರುವಿಗೂ ಮಂಚಕ್ಕೂ ಹೊಸದಾಗಿ ಫ್ರೆಂಚ್ ಪಾಲಿಶ್ ಹಾಕಿಸಿದೆವು. ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು ಅದು. ವಾರವಿಡೀ ಮನೆ ತುಂಬ ವಾಸನೆ. ಆ ಅರಗಿಗೇ ಒಂದು ಜೇನು ಬಣ್ಣ ಇರುತ್ತದೆ, ಮರವನ್ನು ಇನ್ನಷ್ಟು ಬಿಸಿ ಬಣ್ಣಕ್ಕೆ ತರುತ್ತದೆ. ಅದಕ್ಕೇ ಹೇಳುವುದು, ಪಾಲಿಶ್ ಮೊದಲು, ಗೋಡೆಯ ಬಣ್ಣದ ಆಯ್ಕೆ ಆಮೇಲೆ. ಹಳೇ ಪಾಲಿಶ್ ನೋಡಿ ಗೋಡೆ ಆರಿಸಿದ್ದರೆ ಮತ್ತೆ ಮೂರು ವರ್ಷ ಅನುಭವಿಸಬೇಕಿತ್ತು.

ಅರಗು ಅಂದಾಗ ನೆನಪಾಯಿತು. ಚುನಾವಣೆಯಲ್ಲಿ ನಮ್ಮ ಬೆರಳಿಗೆ ಹಚ್ಚುವ ಶಾಯಿ ತಯಾರಾಗುವುದು ಮೈಸೂರಿನಲ್ಲೇ. 1962ರ ಚುನಾವಣೆಯಿಂದ ಅದು ಬಳಕೆಯಲ್ಲಿದೆ. ಆ ಕಾರ್ಖಾನೆ 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದಾಗ ಅದರ ಹೆಸರು ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್. ಲ್ಯಾಕ್ ಅಂದರೆ ಇದೇ ಅರಗು. ಬಣ್ಣದ ಡಬ್ಬಿಯ ಮೇಲೆ ಕುಂಚ ಹಿಡಿದು ನಿಲ್ಲುತ್ತಿದ್ದ ತುಂಟ ಹುಡುಗ ಗಟ್ಟುವನ್ನು 1954ರಲ್ಲಿ ಏಷ್ಯನ್ ಪೇಂಟ್ಸ್‌ಗೆ ಬರೆದುಕೊಟ್ಟವರೂ ನಮ್ಮ ಮೈಸೂರಿನ ವ್ಯಂಗ್ಯಚಿತ್ರಕಾರ ಆರ್. ಕೆ. ಲಕ್ಷ್ಮಣ್. ಅಜ್ಜನ ಮನೆಯ ಅಟ್ಟದಲ್ಲಿ ಕಿಟಕಿಯ ಹಸಿರು ಬಣ್ಣದ ಖಾಲಿ ಡಬ್ಬಿ ಒಂದಿತ್ತು, ಅದರ ಮೇಲೆ ಗಟ್ಟು ಇದ್ದ. ಬಣ್ಣದ ಊರಲ್ಲೇ ಇದ್ದುಕೊಂಡು ನಾನು ಬಣ್ಣದಲ್ಲಿ ಮೋಸ ಹೋದೆ ನೋಡಿ.

ಶೇಡ್ ಕಾರ್ಡಿನ ಬಗ್ಗೆಯೂ ಒಂದು ಮಾತು. ಬೆರಳಗಲದ ಚೌಕ ನೋಡಿ ನಾಲ್ಕು ಗೋಡೆ ನಿರ್ಧರಿಸುವುದು ಹುಚ್ಚುತನ. ಒಂದು ಗೋಡೆಯ ಬಣ್ಣ ಎದುರಿನ ಗೋಡೆಗೆ ಬೀಳುತ್ತದೆ, ಅದು ಮತ್ತೆ ಇತ್ತ ಬೀಳುತ್ತದೆ. ಹಾಗಾಗಿ ಕೋಣೆ ತುಂಬ ಬಳಿದಾಗ ಬಣ್ಣ ಕಾರ್ಡಿನಲ್ಲಿ ಇದ್ದದ್ದಕ್ಕಿಂತ ಗಟ್ಟಿಯಾಗುತ್ತದೆ. ಇಷ್ಟವಾದ ಶೇಡ್‌ಗಿಂತ ಒಂದು ಮೆಟ್ಟಿಲು ತಿಳಿಯದನ್ನು ತಗೊಳ್ಳುವುದು ಒಳ್ಳೆಯದು. ಇನ್ನು ಅಂಗಡಿಯ ಬೆಳಕು. ಅಲ್ಲಿ ಇರುವುದು 6500 ಕೆಲ್ವಿನ್‌ನ ನೀಲಿ ಹೊಡೆಯುವ ಎಲ್‌ಇಡಿ ಟ್ಯೂಬ್. ಮನೆಯಲ್ಲಿ ಸಂಜೆ ಹಾಕುವುದು 3000 ಕೆಲ್ವಿನ್‌ನ ಹಳದಿ ದೀಪ. ಅಲ್ಲಿ ಗಂಧದ ಹಾಗಿದ್ದದ್ದು ಇಲ್ಲಿ ಒಣಗಿದ ಕಡಲೆಹಿಟ್ಟು.

ನಾನು ಮಾಡಿದ್ದು ಇಷ್ಟು. ಆರು ಶೇಡ್ ಆರಿಸಿ ಚಿಕ್ಕ ಸ್ಯಾಂಪಲ್ ತಂದೆ. ಮಗಳ ಡ್ರಾಯಿಂಗ್ ಶೀಟ್‌ಗಳ ಮೇಲೆ ಎರಡೆರಡು ಕೋಟ್ ಬಳಿದು ಒಣಗಿಸಿದೆ. ಗೋಡೆಗೇ ಬಳಿದರೆ ಕೆಳಗಿನ ಸ್ಯಾಂಡಲ್ ಕಣ್ಣಿಗೆ ಮೋಸ ಮಾಡುತ್ತದೆ. ಆಮೇಲೆ ಆ ಹಾಳೆಗಳನ್ನು ಮಂಚದ ಹಿಂದೆ, ಬೀರುವಿನ ಪಕ್ಕ, ನೆಲದ ಹತ್ತಿರ, ಹೀಗೆ ಟೇಪ್ ಹಚ್ಚಿ ಹಚ್ಚಿ ಕಿತ್ತೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಮತ್ತೆ ದೀಪ ಹಾಕಿದ ಮೇಲೆ. ಮೂರು ವಾರ ನಡೆಯಿತು ಈ ಮೆರವಣಿಗೆ. ಹಾಳೆಗಳ ಹಿಂದೆ ಕಂಪನಿಯ ಇಂಗ್ಲಿಷ್ ಹೆಸರು ಬರೆದಿದ್ದೆ. ಅಮ್ಮ ಅದನ್ನೆಲ್ಲ ಬಿಟ್ಟು ತನ್ನದೇ ಹೆಸರಿಟ್ಟಳು. ಹಿಂಗಾರ, ನೀರುಮಜ್ಜಿಗೆ, ಬಾಳೆಲೆ ಹಿಂಭಾಗ, ನೀಲಿಸುಣ್ಣ, ಹಸಿ ಅವಲಕ್ಕಿ, ಮತ್ತೆ ಒಂದಕ್ಕೆ "ಆಸ್ಪತ್ರೆ". ಆಸ್ಪತ್ರೆ ಮೊದಲ ದಿನವೇ ಹೊರಗೆ ಹೋಯಿತು.

ಹಾಲ್‌ನಲ್ಲಿ ನನ್ನ ಮನಸ್ಸಿದ್ದದ್ದು ನೀಲಿಸುಣ್ಣದ ಮೇಲೆ. ಆದರೆ ಬೆಳಗಿನ ಬಿಸಿಲು ಕಾವಿ ನೆಲಕ್ಕೆ ಬಿದ್ದು ಕೆಂಪು ಬೆಳಕು ಗೋಡೆಗೆ ಏರುತ್ತದೆ. ಆ ಕೆಂಪು ಸೇರಿ ನೀಲಿಸುಣ್ಣ ತಿಳಿ ನೇರಳೆಯಾಯಿತು. ಬೀಟೆಯ ನೇರಳೆ, ಗೋಡೆಯ ನೇರಳೆ, ಮದುವೆ ಛತ್ರದ ಹಾಗೆ. ಬಾಳೆಲೆ ಹಿಂಭಾಗ ಇಟ್ಟಾಗ ಸರಿಹೋಯಿತು. ಬಾಳೆಲೆಯನ್ನು ಮಗುಚಿ ನೋಡಿದ್ದೀರಲ್ವಾ? ಮೇಲಿನ ಹಸಿರಲ್ಲ, ಕೆಳಗಿನ ಬೂದಿ ಸವರಿದ ಹಾಗಿರುವ ಮಂಕು ಹಸಿರು. ಅದನ್ನೂ ಹಾಲು ಬೆರೆಸಿ ತಿಳಿಮಾಡಿದ ಹಾಗಿತ್ತು ಆ ಶೇಡ್. ಹಸಿರು ಕೆಂಪಿನ ಎದುರು ಬಣ್ಣ, ನೆಲದ ಕೆಂಪನ್ನು ಅದು ತಿಂದುಕೊಂಡಿತು. ಉಳಿದದ್ದು ಹೆಚ್ಚುಕಡಿಮೆ ಬಿಳಿ, ಒಳಗೆ ಸ್ವಲ್ಪ ತಂಪು. ಮರದ ಹಿಂದೆ ಎಲೆಯ ಬಣ್ಣ ಇದ್ದರೆ ಕಣ್ಣಿಗೆ ಪರಿಚಯ ಹೇಳಬೇಕಾಗಿಲ್ಲ.

ನೀಲಿಸುಣ್ಣ ಹೋಗಿದ್ದು ಅಮ್ಮನ ಕೋಣೆಗೆ. ಪಶ್ಚಿಮದ ಕಿಟಕಿ, ಮಧ್ಯಾಹ್ನ ಮೂರರ ಮೇಲೆ ಕಿತ್ತಳೆ ಬಿಸಿಲು. ತೇಗದ ಮಂಚ ಆ ಬಿಸಿಲಿಗೆ ಉರಿಯುವ ಹಾಗಿರುತ್ತದೆ, ಗೋಡೆ ಅದನ್ನು ತಣಿಸುತ್ತದೆ. ಮಗಳ ಉತ್ತರದ ಕೋಣೆಗೆ ಹಿಂಗಾರ, ಅಡಿಕೆ ಹೂವಿನ ಆ ಕೆನೆ ಬಣ್ಣ. ಅಲ್ಲಿನ ಬೆಳಕೇ ನೀಲಿ, ವಾರ್ಡ್‌ರೋಬ್ ಬೂದು, ಮತ್ತೆ ನೀಲಿ ಗೋಡೆ ಬೇರೆ ಹಾಕಿದರೆ ಫ್ರಿಜ್ಜಿನೊಳಗೆ ಮಲಗಿದ ಹಾಗೆ. ಅಡುಗೆಮನೆ, ದೇವರ ಗೂಡು, ಚಾವಣಿಗಳಿಗೆಲ್ಲ ಬಿಳಿ. ಅದಕ್ಕೆ ಯೋಚನೆ ಮಾಡಲಿಲ್ಲ, ಸುಸ್ತಾಗಿತ್ತು.

ಗಾಢ ಬಣ್ಣದ ಒಂದೇ ಗೋಡೆ, ಅದೇ ಆಕ್ಸೆಂಟ್ ವಾಲ್, ಮಾಡಿಸಿ ಅಂತ ಅಂಗಡಿಯಲ್ಲಿ ತುಂಬ ಒತ್ತಾಯ ಮಾಡಿದರು. ಕಡುನೀಲಿಯ ಮುಂದೆ ತೇಗ ನಿಜಕ್ಕೂ ಚೆಂದ. ಆದರೆ ಬೀಟೆಯಂಥ ಕಪ್ಪು ಮರ ಬೆಳಕನ್ನು ನುಂಗುತ್ತದೆ, ಅದರ ಹಿಂದಿನ ಗೋಡೆಯೂ ನುಂಗತೊಡಗಿದರೆ ಮನೆಯಲ್ಲಿ ಉಳಿಯುವುದು ಕರೆಂಟ್ ಬಿಲ್ ಮಾತ್ರ. ದೊಡ್ಡ ಕಿಟಕಿ ಇದ್ದವರು ಮಾಡಿಸಲಿ.

ಇನ್ನು ಹೊಳಪು. ಪಾಲಿಶ್ ಹಾಕಿದ ಮರ ತಾನೇ ಮಿರಮಿರ ಮಿಂಚುತ್ತದೆ, ಗೋಡೆ ಮಿಂಚಬಾರದು ಅನ್ನುವುದು ನನ್ನ ಹಟ. ಮ್ಯಾಟ್ ಎಮಲ್ಷನ್ ತಗೊಂಡೆ. ಬೆಂಚಿನ ಹಿಂದಿನ ಗೋಡೆಯಲ್ಲಿ ಈಗಾಗಲೇ ನಮ್ಮನೆಯವರ ತಲೆಯೆಣ್ಣೆಯ ಗುರುತು ದುಂಡಗೆ ಮೂಡಿದೆ. ಅಲ್ಲಿ ಮಾತ್ರ ತೊಳೆಯಲು ಬರುವ ಬಣ್ಣ ಹಾಕಿಸಬೇಕಿತ್ತು. ಇದು ನನ್ನ ತಪ್ಪು, ಒಪ್ಪಿಕೊಂಡೆ.

ಲೆಕ್ಕ ಬೇಕಾದವರಿಗೆ: ಹಾಲ್ 12ಕ್ಕೆ 16 ಅಡಿ, ಎತ್ತರ 10 ಅಡಿ. ಸುತ್ತಳತೆ 56 ಅಡಿ, ಅಂದರೆ ಗೋಡೆ 560 ಚದರಡಿ. ಬಾಗಿಲು ಕಿಟಕಿಗೆ 100 ಕಳೆದರೆ 460. ಎರಡು ಕೋಟ್‌ಗೆ ಒಂದು ಲೀಟರ್ ಸುಮಾರು 115 ಚದರಡಿ ಅಂತ ಹಿಡಿದು ನಾಲ್ಕು ಲೀಟರ್ ಡಬ್ಬಿ ಒಂದು ತಂದೆವು. ಸಾಕಾಯಿತು.

ಮೇಸ್ತ್ರಿ ಒಳ್ಳೆಯವರು. ಪುಟ್ಟಿ ಹಾಕಿ, ಉಜ್ಜಿ, ಪ್ರೈಮರ್ ಬಳಿದು, ಕೊನೆಗೆ ಡಬ್ಬಿ ತೆರೆದರು. ಒಳಗೆ ಬಗ್ಗಿ ನೋಡಿದರು. ನನ್ನನ್ನು ನೋಡಿದರು.

"ಮೇಡಂ, ಇದು ಬಿಳೀನೇ ಅಲ್ವಾ?"

"ಅಲ್ಲ ಮೇಸ್ತ್ರಿ, ಹಸಿರು."

"ಮೂರು ವಾರ ಯೋಚ್ನೆ ಮಾಡಿದ್ದು ಇದಕ್ಕಾ?"

ಎರಡನೇ ಕೋಟ್ ಒಣಗಿ, ಹೊದಿಸಿದ್ದ ಪ್ಲಾಸ್ಟಿಕ್ ತೆಗೆದಾಗ ಅವರೇ ಬೀರುವಿನ ಮುಂದೆ ಸ್ವಲ್ಪ ಹೊತ್ತು ನಿಂತರು. ಬಾಗಿಲಿನ ಮೇಲಿನ ನೇರಳೆ ಗೆರೆಗಳು, ಹಿಡಿಯ ಸುತ್ತ ಅಜ್ಜನ ಕೈ ಸವೆಸಿದ ಜಾಗ, ಎಲ್ಲ ಬಿಡಿಬಿಡಿಯಾಗಿ ಕಾಣುತ್ತಿತ್ತು. "ಇದು ಹೊಸದಾಗಿ ತಂದ್ರಾ?" ಅಂದರು. ವಾರದಿಂದ ಅದರ ಸುತ್ತಲೇ ಕೆಲಸ ಮಾಡಿದ್ದರು ಪಾಪ.

ಅದನ್ನು ಅಲ್ಲಾಡಿಸಲು ಮಾತ್ರ ಯಾರಿಂದಲೂ ಆಗಲಿಲ್ಲ. ಮೇಸ್ತ್ರಿ ಇಬ್ಬರು ಹುಡುಗರನ್ನು ಕರೆದು ನೋಡಿದರು, ನಮ್ಮನೆಯವರೂ ಕೈ ಹಾಕಿದರು. ಆಮೇಲೆ ಸಂದಿಯಲ್ಲಿ ರೋಲರ್ ಎಷ್ಟು ದೂರ ಹೋಯಿತೋ ಅಷ್ಟು ಬಳಿದು ಬಿಟ್ಟರು. ಹಾಗಾಗಿ ಬೀರುವಿನ ಹಿಂದೆ ಇನ್ನೂ ಹಳೇ ಸ್ಯಾಂಡಲ್ ಇದೆ. ಬೆಂಚಿನ ತುದಿಯಲ್ಲಿ ಕೂತು ಓರೆಯಾಗಿ ನೋಡಿದರೆ ಅದರ ಒಂದು ಗೇಣು ಪಟ್ಟಿ ಕಾಣುತ್ತದೆ. ಬೆಳಿಗ್ಗೆ ಎಂಟಕ್ಕೆ ಅಮ್ಮ ಅಲ್ಲೇ ಕೂತು ಕಾಫಿ ಕುಡಿಯುವುದು. ಮೊನ್ನೆ ಲೋಟ ಹಿಡಿದು ಆ ಸಂದಿಯನ್ನೇ ನೋಡುತ್ತಿದ್ದವಳು, "ಇಷ್ಟೇ ಇಷ್ಟು ಇದ್ರೆ ಆ ಬಣ್ಣ ಎಂತ ತೊಂದ್ರೆ ಇಲ್ಲ ಮಾರಾಯ್ತಿ, ಚಂದವೇ ಇದೆ" ಅಂದಳು. ನಾನೂ ಬಗ್ಗಿ ನೋಡಿದೆ. ಹೌದು, ಚಂದವೇ ಇತ್ತು. ಅಂಗಡಿಯ ಹುಡುಗನಿಗೆ ಹೇಳಲು ಹೋಗಲಿಲ್ಲ.